ಹಾಂಗ್‌ಕಾಂಗ್‌ನ ಗಂಜಿ ಅಂಗಡಿಗೆ ಹೋದ್ರೆ ಹೇಗೆ ಉಣ್ಣುದು, ಎಂತ ತೆಗೊಳ್ಳುದು

ನಮ್ಮ ಮಂಗಳೂರು ಉಡುಪಿ ಕಡೆಯಿಂದ ಹಾಂಗ್‌ಕಾಂಗ್, ಸಿಂಗಾಪುರ ಅಂತ ಹೋಗಿ ಬರುವವರು ಈಗ ಸುಮಾರು ಜನ ಇದ್ದಾರೆ, ಮಗನೋ ಮಗಳೋ ಅಲ್ಲಿ ಕೆಲಸಕ್ಕೆ ಇರ್ತಾರೆ, ಅಪ್ಪ ಅಮ್ಮ ಒಂದು ತಿಂಗಳು ಇದ್ದು ಬರ್ತಾರೆ. ಬಂದ ಮೇಲೆ ಕೇಳಿದ್ರೆ ಹೆಚ್ಚಿನವರದ್ದು ಒಂದೇ ಮಾತು, ಊಟದ್ದು ಭಾರಿ ಕಷ್ಟ ಮಾರಾಯ್ರೆ, ಇಂಡಿಯನ್ ಹೋಟೆಲ್ ಹುಡುಕಿ ಹುಡುಕಿ ಸಾಕಾಯ್ತು ಅಂತ. ನನಗೆ ಅದು ಕೇಳಿದಾಗ ಬೇಜಾರಾಗ್ತದೆ, ಯಾಕೆ ಹೇಳಿದ್ರೆ ಅವರು ಇದ್ದ ಬಿಲ್ಡಿಂಗಿನ ಹತ್ರವೇ ಎಲ್ಲಿಯಾದ್ರೂ ಒಂದು ಗಂಜಿ ಅಂಗಡಿ ಇದ್ದಿರ್ತದೆ. ಗಂಜಿ ಉಂಡು ಬೆಳೆದವರು ಗಂಜಿ ಅಂಗಡಿಯ ಎದುರಿಂದ ಹಸಿದುಕೊಂಡು ಹೋಗುದು ಯಾಕೆ?

ಇಂಗ್ಲಿಷ್ ಬೋರ್ಡಲ್ಲಿ "ಕಾಂಜಿ" ಅಂತ ಬರೆದದ್ದು ಇರ್ತದಲ್ಲ, ಆ ಶಬ್ದ ಚೀನಾದ್ದು ಅಲ್ಲ, ತಮಿಳಿನ ಕಂಜಿ, ನಮ್ಮ ಗಂಜಿ, ಅದೇ ಇಂಗ್ಲಿಷಿಗೆ ಹೋದದ್ದು. ಅಲ್ಲಿನವರು ಕ್ಯಾಂಟನೀಸಲ್ಲಿ ಹೇಳುದು ಜುಕ್ ಅಂತ. ಸಾಧಾರಣ ಈ ಅಂಗಡಿಗಳಲ್ಲಿ ಒಂದು ಕಡೆ ಗಂಜಿ, ಇನ್ನೊಂದು ಕಡೆ ನೂಡಲ್ಸ್, ಎರಡೂ ಇರ್ತದೆ. ಸಣ್ಣ ಜಾಗ, ಒತ್ತಿ ಒತ್ತಿ ಹಾಕಿದ ಟೇಬಲ್, ಗ್ಲಾಸಿನ ಹಿಂದೆ ದೊಡ್ಡ ಪಾತ್ರೆಯಲ್ಲಿ ಗಂಜಿ ಕುದಿತಾ ಇರ್ತದೆ. ಬೆಳಿಗ್ಗೆ ಬೇಗ ತೆರೆಯುವವು ಉಂಟು, ನಡುರಾತ್ರಿವರೆಗೆ ಇರುವವೂ ಉಂಟು.

ಒಳಗೆ ಹೋದ ಕೂಡ್ಲೆ ಎಷ್ಟು ಜನ ಅಂತ ಬೆರಳಲ್ಲಿ ತೋರಿಸಿ. ಖಾಲಿ ಟೇಬಲ್ಲಿಗೆ ಕಾಯ್ಬೇಡಿ, ಗುರುತಿಲ್ಲದವರ ಜೊತೆಗೇ ಕೂರಿಸ್ತಾರೆ, ಅದು ಅಲ್ಲಿ ಮಾಮೂಲು. ನಮ್ಮಲ್ಲಿ ಮಧ್ಯಾಹ್ನ ಊಟದ ಹೋಟೆಲಲ್ಲಿ ಎದುರು ಯಾರೋ ಬಂದು ಕೂತ್ರೆ ನಾವು ಎಂತ ಮಾಡ್ತೇವೆ, ಎಲೆ ಸ್ವಲ್ಪ ಸರಿಸಿ ನಮ್ಮ ಪಾಡಿಗೆ ಉಣ್ತೇವಲ್ಲ, ಅಷ್ಟೇ. ಕೆಲಸದವರು ನಗುದಿಲ್ಲ, ಗಟ್ಟಿ ಸ್ವರದಲ್ಲಿ ಮಾತಾಡ್ತಾರೆ, ಅದು ಸಿಟ್ಟು ಅಲ್ಲ, ಗಡಿಬಿಡಿ. ಕೂತ ಮೇಲೆ ಬಿಸಿ ಚಾ ತಂದಿಡ್ತಾರೆ, ಹಾಲು ಸಕ್ರೆ ಇಲ್ಲದ್ದು. ಪಕ್ಕದವರು ಆ ಚಾದಲ್ಲಿ ಚಮಚ, ಚಾಪ್‌ಸ್ಟಿಕ್ ತೊಳಿತಾ ಇದ್ರೆ ಗಾಬರಿ ಆಗ್ಬೇಡಿ, ಹಳೆ ಅಭ್ಯಾಸ ಅದು, ನೀವೂ ತೊಳಿಬಹುದು. ಯಾರಾದ್ರೂ ನಿಮ್ಮ ಲೋಟಕ್ಕೆ ಚಾ ಹಾಕಿದ್ರೆ ಎರಡು ಬೆರಳಿಂದ ಟೇಬಲ್ ಮೇಲೆ ಮೆಲ್ಲ ತಟ್ಟುದು, ಥ್ಯಾಂಕ್ಸ್ ಹೇಳಿದ ಹಾಗೆ. ಬಾಯಲ್ಲಿ ಹೇಳುದಾದ್ರೆ "ಮ್ ಗೋಯ್", ಕರಿಲಿಕ್ಕೂ ಅದೇ ಶಬ್ದ, ಇದೊಂದು ಕಲಿತ್ರೆ ಅರ್ಧ ಕೆಲಸ ಆಯ್ತು.

ಈಗ ಗಂಜಿ ವಿಷಯ. ನಮ್ಮದು ಕುಚ್ಚಲಕ್ಕಿ, ಅಗಳು ಬೇರೆ ತಿಳಿ ಬೇರೆ. ಅವರದ್ದು ಬೆಳ್ತಿಗೆ ಅಕ್ಕಿ, ಒಂದು ಪಾಲು ಅಕ್ಕಿಗೆ ಹತ್ತು ಹನ್ನೆರಡು ಪಾಲು ನೀರು ಹಾಕಿ ಗಂಟೆಗಟ್ಟಲೆ ಕುದಿಸಿ ಅಗಳು ಒಡೆದು ಕರಗಿ ಹೋಗುವವರೆಗೆ ಬೇಯಿಸುದು. ನಾನು ಅಮ್ಮನನ್ನು ಶಾಮ್ ಶುಯಿ ಪೋ ಕಡೆ ಒಂದು ಅಂಗಡಿಗೆ ಕರ್ಕೊಂಡು ಹೋಗಿದ್ದೆ, ಬಟ್ಟಲು ಬಂದಾಗ ಅಮ್ಮ ಚಮಚವನ್ನು ಅಡಿಗೆ ಹಾಕಿ ಎತ್ತಿ ನೋಡಿದ್ರು, ಮತ್ತೆ ಇನ್ನೊಮ್ಮೆ ಎತ್ತಿದ್ರು, "ಇದ್ರಲ್ಲಿ ಅಕ್ಕಿ ಎಲ್ಲಿ ಉಂಟು ಮಗಾ?" ಅಂತ ಕೇಳಿದ್ರು. ಬಿಳಿ ರೇಷ್ಮೆ ಹಾಗೆ ಚಮಚದಿಂದ ಜಾರಿ ಬೀಳ್ತಿತ್ತು, ಮೇಲೆ ಕೂದಲೆಳೆ ಹಾಗೆ ಕತ್ತರಿಸಿದ ಶುಂಠಿ, ಈರುಳ್ಳಿ ಸೊಪ್ಪು, ಅಡಿಯಲ್ಲಿ ಮೀನಿನ ತೆಳು ತುಂಡು. ಮೂರನೇ ಚಮಚಕ್ಕೆ ಅಮ್ಮನ ಮಾತು ನಿಂತಿತು, ಬಟ್ಟಲು ಖಾಲಿ ಆದ ಮೇಲೆಯೇ ತಲೆ ಎತ್ತಿದ್ದು.

ಒಂದು ಜಾಗ್ರತೆ, ಅದು ಕೊತಕೊತ ಕುದಿಯುವಾಗಲೇ ಬರ್ತದೆ, ಮೇಲೆ ತಣ್ಣಗಿದ್ದ ಹಾಗೆ ಕಂಡ್ರೂ ಒಳಗೆ ಬೆಂಕಿ. ನಡುವಿಗೆ ಚಮಚ ಹಾಕ್ಬೇಡಿ, ಅಂಚಿಂದ, ಮೇಲ್ಮೇಲಿಂದ ತೆಗ್ದು ಉಣ್ಣಿ. ಮೊದಲು ಹಾಗೇ ರುಚಿ ನೋಡಿ, ಆಮೇಲೆ ಟೇಬಲಲ್ಲಿ ಇರುವ ಬಿಳಿ ಒಳ್ಳೆಮೆಣಸಿನ ಪುಡಿ ಉದುರಿಸಿ, ಸೋಯಾ ಸಾಸ್ ನಾಲ್ಕು ಹನಿ ಸಾಕು, ಉಪ್ಪು ಮೊದಲೇ ಇರ್ತದೆ.

ಯಾವ ಗಂಜಿ ಅಂತ ಕೇಳಿದ್ರೆ, ಮೀನು ತಿನ್ನುವವರಿಗೆ ಮೊದಲ ಸಲಕ್ಕೆ "ಯೂ ಪಿನ್ ಜುಕ್", ಮೀನಿನ ತುಂಡಿನ ಗಂಜಿ. ಹೆಚ್ಚಾಗಿ ಸಿಹಿನೀರಿನ ಮೀನು, ಅಂಜಲ್ ರುಚಿ ನಿರೀಕ್ಷೆ ಮಾಡ್ಬೇಡಿ, ಸಣ್ಣ ಮುಳ್ಳು ಇರ್ತದೆ. ತುಂಬ ಹೆಸರುವಾಸಿ ಆದದ್ದು "ಪೇ ದಾನ್ ಸೌ ಯುಕ್ ಜುಕ್", ಬಾತುಕೋಳಿ ಮೊಟ್ಟೆಯನ್ನು ಸುಣ್ಣ, ಬೂದಿ, ಉಪ್ಪಲ್ಲಿ ವಾರಗಟ್ಟಲೆ ಇಟ್ಟು ಕಪ್ಪು ಮಾಡಿದ್ದು ಮತ್ತೆ ಹಂದಿ ಮಾಂಸ. ಮೊಟ್ಟೆ ನೋಡಿದ್ರೆ ಹೆದರಿಕೆ ಆಗ್ತದೆ, ವಾಸನೆಯೂ ಖಾರ, ಆದ್ರೆ ಬಿಸಿ ಗಂಜಿಯಲ್ಲಿ ಬೆಣ್ಣೆ ಹಾಗೆ ಕರಗ್ತದೆ, ಹಂದಿ ತಿನ್ನುವವರು ಇದನ್ನು ಬಿಡ್ಬೇಡಿ. ದನದ ಮಾಂಸ ಬೇಡದವರು "ಙೌ" ಅಂತ ಕೇಳಿದ್ರೆ ಬೇಡ ಹೇಳಿ, ನಮ್ಮ ವರ್ಣಮಾಲೆಯಲ್ಲಿ ಕೆಲಸ ಇಲ್ಲದೆ ಕೂತ ಙ ಉಂಟಲ್ಲ, ಅಲ್ಲಿ ಆ ಅಕ್ಷರದ ಉಚ್ಚಾರ ದಿನಾ ಬೇಕಾಗ್ತದೆ.

ಸಸ್ಯಾಹಾರಿಗಳು ಇದನ್ನು ಸರಿ ಓದಿ. "ಬಾಕ್ ಜುಕ್" ಅಂದ್ರೆ ಬಿಳಿ ಗಂಜಿ, ನೋಡ್ಲಿಕ್ಕೆ ಬರೀ ಅಕ್ಕಿ, ಆದ್ರೆ ಕೆಲವು ಕಡೆ ಕುದಿಸುವಾಗಲೇ ಹಂದಿ ಎಲುಬೋ ಒಣಗಿಸಿದ ಚಿಪ್ಪಿನ ಮಾಂಸವೋ ಹಾಕಿರ್ತಾರೆ. ನಮಗೆ ಒಂದು ಸೋಮವಾರ ಹಾಗೇ ಆಯ್ತು, ಅಮ್ಮನಿಗೆ ಬಿಳಿ ಗಂಜಿ ತರಿಸಿದೆ, ಮೊದಲ ಚಮಚಕ್ಕೇ ಸಮುದ್ರದ ವಾಸನೆ, ಅಮ್ಮ ಬಟ್ಟಲು ದೂರ ಇಟ್ರು. ನಾನು ಕೇಳಿರಲಿಲ್ಲ, ತಪ್ಪು ನನ್ನದೇ. "ಜಾಯ್" ಅಂದ್ರೆ ಸಸ್ಯಾಹಾರ ಹೌದು, ಆದ್ರೆ ಈ ಅಂಗಡಿಗಳಲ್ಲಿ ಮೇಲೆ ಒಳಗೆ ಎಂತದೂ ಹಾಕದ್ದು ಅನ್ನುವ ಅರ್ಥವೂ ಉಂಟು, ಹಾಗಾಗಿ ಅದೊಂದೇ ಶಬ್ದ ನಂಬಿ ಕೂರ್ಬೇಡಿ. ಫೋನಲ್ಲಿ "ಗಂಜಿ ಕುದಿಸಿದ ನೀರಿಗೆ ಮಾಂಸ, ಮೀನು, ಎಲುಬು ಹಾಕಿದ್ದೀರಾ" ಅಂತ ಟ್ರಾನ್ಸ್‌ಲೇಟ್ ಮಾಡಿ ತೋರಿಸಿ, ತುಂಬ ಕಟ್ಟುನಿಟ್ಟಿನವರಾದ್ರೆ ಬೌದ್ಧರ ಸಸ್ಯಾಹಾರಿ ಹೋಟೆಲುಗಳು ಹಾಂಗ್‌ಕಾಂಗಲ್ಲಿ ಬೇರೆಯೇ ಉಂಟು, ಅಲ್ಲಿಗೆ ಹೋಗುದೇ ಒಳ್ಳೆದು.

ಗಂಜಿಗೆ ನಂಚಿಕೊಳ್ಳಲಿಕ್ಕೆ "ಯಾವ್ ಜಾ ಗ್ವಾಯ್" ತೆಗೊಳ್ಳಿ, ಎರಡು ಉದ್ದ ಹಿಟ್ಟಿನ ಪಟ್ಟಿ ಅಂಟಿಸಿ ಎಣ್ಣೆಯಲ್ಲಿ ಉಬ್ಬಿಸಿ ಕರಿದದ್ದು. ಹೆಸರಿನ ಅರ್ಥ ಎಣ್ಣೆಯಲ್ಲಿ ಕರಿದ ಭೂತ ಅಂತ. 12ನೇ ಶತಮಾನದಲ್ಲಿ ಯುಯೆ ಫೇ ಅನ್ನುವ ಸೇನಾಪತಿಯನ್ನು ಮೋಸದಿಂದ ಕೊಲ್ಲಿಸಿದ ಮಂತ್ರಿ ಚಿನ್ ಹುಯಿ ಮತ್ತೆ ಅವನ ಹೆಂಡತಿ ಮೇಲಿನ ಸಿಟ್ಟಿಗೆ ಜನ ಇಬ್ಬರನ್ನೂ ಹಿಟ್ಟಲ್ಲಿ ಮಾಡಿ ಕರಿದ್ರು ಅಂತ ಅಲ್ಲಿನ ಕಥೆ. ತುಂಡು ಮಾಡಿ ಗಂಜಿಯಲ್ಲಿ ಅದ್ದಿ, ಆದ್ರೆ ಪೂರ್ತಿ ನೆನಿಲಿಕ್ಕೆ ಬಿಡ್ಬೇಡಿ, ಅರ್ಧ ಗರಿಗರಿ ಇರುವಾಗಲೇ ರುಚಿ. ಹಾಗೆಯೇ "ಚೋಂಗ್ ಫನ್", ಅಕ್ಕಿ ಹಿಟ್ಟನ್ನು ನೀರು ದೋಸೆಯಷ್ಟು ತೆಳು ಮಾಡಿ ಹಬೆಯಲ್ಲಿ ಬೇಯಿಸಿ ಸುತ್ತಿದ್ದು, ನಮ್ಮವರಿಗೆ ಒಂದೇ ಸಲಕ್ಕೆ ಇಷ್ಟ ಆಗ್ತದೆ. ಅದರಲ್ಲಿ ಬರೀ ಸುತ್ತಿದ್ದಕ್ಕೆ ಹಂದಿ ಕರುಳು ಅನ್ನುವ ಹೆಸರು ಉಂಟು, ಆಕಾರ ಹಾಗೆ ಇರುದಕ್ಕೆ ಆ ಹೆಸರು, ಒಳಗೆ ಹಂದಿ ಇಲ್ಲ. ಒಣ ಎಟ್ಟಿ, ಅಂದ್ರೆ ಸಿಗಡಿ, ಹಾಕಿದ್ದೂ ಇರ್ತದೆ, ನೋಡಿಕೊಳ್ಳಿ.

ನೂಡಲ್ಸ್ ಬೇಕಾದ್ರೆ "ವಾನ್ ತಾನ್ ಮಿನ್", ತೆಳು ಹಿಟ್ಟಿನ ಹಾಳೆಯಲ್ಲಿ ಹೂರಣ ಸುತ್ತಿದ ಸಣ್ಣ ಕಡುಬಿನ ಹಾಗಿರುವ ವಾನ್ ತಾನ್ ಹಾಕಿದ ಸೂಪ್ ನೂಡಲ್ಸ್. ಸಣ್ಣ ಬಟ್ಟಲು ಬಂತು ಅಂತ ಮುಖ ಸಣ್ಣ ಮಾಡ್ಬೇಡಿ, ನೂಡಲ್ಸ್ ಸೂಪಲ್ಲಿ ನೆನೆದು ಮೆತ್ತಗಾಗುವ ಮೊದಲು ಮುಗೀಬೇಕು ಅಂತಲೇ ಅಷ್ಟು ಕೊಡುದು. ಮೊಟ್ಟೆ, ಕ್ಷಾರದ ನೀರು ಹಾಕಿ ಮಾಡಿದ ತೆಳು ಎಳೆ, ಕಚ್ಚಿದ್ರೆ ಟಕ್ ಅನ್ಬೇಕು, ಫೋಟೋ ತೆಗೆಯುತ್ತಾ ಕೂತ್ರೆ ಹೋಯ್ತು. ಕ್ಷಾರದ ವಾಸನೆ ಹೆಚ್ಚಾದ್ರೆ ಕೆಂಪು ವಿನೆಗರ್ ಸ್ವಲ್ಪ ಹಾಕಿ. ವಾನ್ ತಾನ್ ಒಳಗೆ ಎಟ್ಟಿ ಜೊತೆ ಹೆಚ್ಚಾಗಿ ಹಂದಿಯೂ ಇರ್ತದೆ. ಸುರ್ರ್ ಅಂತ ಎಳ್ಕೊಂಡು ತಿಂದ್ರೆ ಯಾರೂ ಎಂತದೂ ಹೇಳುದಿಲ್ಲ. ಚಾಪ್‌ಸ್ಟಿಕ್ ಮಾತ್ರ ಅನ್ನದಲ್ಲಿ ನೆಟ್ಟಗೆ ಚುಚ್ಚಿ ಇಡ್ಬೇಡಿ, ಸತ್ತವರಿಗೆ ಊದುಬತ್ತಿ ಹಚ್ಚಿದ ಹಾಗೆ ಕಾಣ್ತದೆ ಅವರಿಗೆ.

ಸಿಂಗಾಪುರಕ್ಕೆ ಹೋಗುವವರು "ಟಿಯೋಚ್ಯೂ ಪೊರಿಜ್" ಅಂತ ಕೇಳಿ, ಅದು ನಮ್ಮದಕ್ಕೆ ಇನ್ನೂ ಹತ್ರ. ಅಗಳು ಅಗಳಾಗಿಯೇ ಇರ್ತದೆ, ತಿಳಿ ಮೇಲೆ ನಿಂತಿರ್ತದೆ, ಜೊತೆಗೆ ಉಪ್ಪು ಹಾಕಿದ ಮೊಟ್ಟೆ, ಉಪ್ಪಿನಲ್ಲಿಟ್ಟ ತರಕಾರಿ, ಮೀನು ಅಂತ ಸಣ್ಣ ಸಣ್ಣ ತಟ್ಟೆ ಆರಿಸಿಕೊಳ್ಳುದು. ಉಪ್ಪಿನಕಾಯಿ, ಒಣಮೀನು ಚಟ್ನಿ ಜೊತೆ ಗಂಜಿ ಉಂಡವರಿಗೆ ಅಲ್ಲಿ ಕಲಿಲಿಕ್ಕೆ ಎಂತ ಉಂಟು? ಆರಿಸುವಾಗ ಪ್ರತಿ ತಟ್ಟೆಗೂ ಬೇರೆ ರೇಟು ಅನ್ನುದು ನೆನಪಿರ್ಲಿ.

ಉಂಡು ಆದ ಮೇಲೆ ತುಂಬ ಹೊತ್ತು ಕೂರ್ಬೇಡಿ, ಹಿಂದೆ ಜನ ನಿಂತಿರ್ತಾರೆ. "ಮಾಯ್ ದಾನ್" ಅಂದ್ರೆ ಬಿಲ್, ಹೆಚ್ಚಿನ ಕಡೆ ಟೇಬಲಲ್ಲಿ ಇಟ್ಟ ಚೀಟಿ ಹಿಡ್ಕೊಂಡು ಕ್ಯಾಶಿಗೆ ಹೋಗಿ ಕೊಡುದು. ಸಣ್ಣ ಅಂಗಡಿಗಳಲ್ಲಿ ಕಾರ್ಡ್ ನಡಿಲಿಕ್ಕಿಲ್ಲ, ಕೈಯಲ್ಲಿ ಕ್ಯಾಶ್ ಇಟ್ಕೊಳ್ಳಿ. ಟಿಪ್ಸ್ ಕೇಳುದಿಲ್ಲ.

ಅಮ್ಮ ಊರಿಗೆ ಬಂದ ಮೇಲೆ ಇದನ್ನೇ ಮನೆಯಲ್ಲಿ ಮಾಡಿದ್ರು, ಬೆಳ್ತಿಗೆ ಅಕ್ಕಿಗೆ ಸ್ವಲ್ಪ ಎಣ್ಣೆ ಉಪ್ಪು ಹಚ್ಚಿ ಅರ್ಧ ಗಂಟೆ ಇಟ್ಟು, ಒಂದು ಲೋಟಕ್ಕೆ ಹನ್ನೆರಡು ಲೋಟ ನೀರು, ಒಂದೂವರೆ ಗಂಟೆ ಸಣ್ಣ ಬೆಂಕಿ, ಆಗಾಗ ತಳ ಹಿಡಿಯದ ಹಾಗೆ ಸೌಟು ಆಡಿಸುದು. ಕೊನೆಗೆ ಕಾಣೆ ಮೀನಿನ ಮುಳ್ಳು ತೆಗೆದು ತೆಳು ತುಂಡು ಮಾಡಿ ಕುದಿಯುವ ಗಂಜಿಗೆ ಹಾಕಿ ಎರಡು ಮೂರು ನಿಮಿಷ, ಮೇಲೆ ಶುಂಠಿ. ಪಕ್ಕದಲ್ಲಿ ಮಾತ್ರ ಅವರ ಕರಿದ ಭೂತದ ಬದಲು ಮಾವಿನ ಮಿಡಿ ಉಪ್ಪಿನಕಾಯಿ ಇತ್ತು.