ವಿದೇಶಿ ಲ್ಯಾಬ್ ಜೊತೆ ಸಂಶೋಧನೆ: ಅರ್ಧ ಸ್ಯಾಂಪಲ್ ಇಲ್ಲೇ ಇರಲಿ

ವಿದೇಶಿ ವಿಶ್ವವಿದ್ಯಾಲಯದ ಜೊತೆ ಸೇರಿ ಸಂಶೋಧನೆ ಮಾಡುವಾಗ ಒಪ್ಪಂದದಲ್ಲಿ ನಾವು ಮೊದಲು ಬರೆಸಿಕೊಳ್ಳುವ ಮಾತು ಒಂದೇ: ಪ್ರತಿ ರಕ್ತದ ಸ್ಯಾಂಪಲ್‌ನ ಅರ್ಧ ನಮ್ಮ ಫ್ರೀಜರಿನಲ್ಲೇ ಉಳಿಯಬೇಕು. ಆಮೇಲೆ ಕೇಳಿದರೆ ಸಿಗುವುದು ಕಷ್ಟ. ಲೇಖಕರ ಪಟ್ಟಿ, ಡೇಟಾ ಯಾರ ಬಳಿ ಇರಬೇಕು ಎಂಬುದೂ ರಕ್ತ ತೆಗೆಯುವ ಮೊದಲೇ ಕಾಗದಕ್ಕೆ ಬರಬೇಕು. ರಕ್ತ ಕೊಟ್ಟವರು ನಮ್ಮ ಊರಿನವರು. ನಾಳೆ ಅದರಲ್ಲಿ ಹೊಸ ಪ್ರಶ್ನೆ ಹುಡುಕುವ ಅವಕಾಶ ಇಲ್ಲಿನವರಿಗೂ ಬೇಕು.

ಆಸ್ಪತ್ರೆಯ ಎಥಿಕ್ಸ್ ಕಮಿಟಿ (ನೈತಿಕತೆ ಪರಿಶೀಲಿಸುವ ಸಮಿತಿ) ಒಪ್ಪಿದ ಮೇಲೆ ಭಾರತದ ಕಡೆಯ ಮುಖ್ಯ ಸಂಶೋಧಕರು ಐಸಿಎಂಆರ್ (ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿ) ಮೂಲಕ ಎಚ್‌ಎಂಎಸ್‌ಸಿ, ಅಂದರೆ ಆರೋಗ್ಯ ಸಚಿವಾಲಯದ ಪರಿಶೀಲನಾ ಸಮಿತಿಯ ಅನುಮತಿಗೆ ಅರ್ಜಿ ಹಾಕಬೇಕು. ಟ್ರಸ್ಟ್ ಆಸ್ಪತ್ರೆಗೆ ವಿದೇಶಿ ಅನುದಾನ ಬರುವುದಾದರೆ ಎಫ್‌ಸಿಆರ್‌ಎ (ವಿದೇಶಿ ದೇಣಿಗೆ ನಿಯಂತ್ರಣ ಕಾಯ್ದೆ) ನೋಡಿಕೊಳ್ಳಿ. 2020ರ ತಿದ್ದುಪಡಿಯ ಬಳಿಕ ಆ ಹಣವನ್ನು ಇನ್ನೊಂದು ಸಂಸ್ಥೆಗೆ ದಾಟಿಸುವಂತಿಲ್ಲ, ಆಡಳಿತ ವೆಚ್ಚ ಶೇ 20 ಮೀರುವಂತಿಲ್ಲ. ಹಾಗಾಗಿ ಎರಡು ಆಸ್ಪತ್ರೆಗಳಿದ್ದರೆ ಎರಡಕ್ಕೂ ಬೇರೆ ಬೇರೆ ಒಪ್ಪಂದ. ಹೊರಗಿನವರಿಗೆ ಇದು ಗೊತ್ತಿರುವುದಿಲ್ಲ, ಬಜೆಟ್ ಬರೆಯುವಾಗಲೇ ಬಿಡಿಸಿ ಹೇಳಿ.

ಒಪ್ಪಿಗೆ ಪತ್ರವನ್ನು ನಾವು ಕನ್ನಡದಲ್ಲೇ ಬರೆದು, ಆಶಾ ಕಾರ್ಯಕರ್ತೆಯರಿಂದ ಗಟ್ಟಿಯಾಗಿ ಓದಿಸಿ, ಅವರು ತಡವರಿಸಿದ ಕಡೆಯೆಲ್ಲ ತಿದ್ದುತ್ತೇವೆ. '5 ಮಿ.ಲೀ.' ಜೊತೆಗೆ 'ಒಂದು ಟೀ ಚಮಚದಷ್ಟು' ಎಂದು ಸೇರಿಸುತ್ತೇವೆ. 'ಇದು ಚಿಕಿತ್ಸೆಯಲ್ಲ', 'ನಿಮ್ಮ ರಕ್ತ ಹೊರದೇಶಕ್ಕೆ ಹೋಗುತ್ತದೆ' ಎನ್ನುವ ಎರಡು ಮಾತು ಬೇರೆ ಬೇರೆ ಸಾಲಿನಲ್ಲಿ ಇರಲೇಬೇಕು. ಹೆಬ್ಬೆಟ್ಟು ಒತ್ತುವವರಿಗೆ ಅಧ್ಯಯನಕ್ಕೆ ಸಂಬಂಧವಿಲ್ಲದ ಸಾಕ್ಷಿಯ ಸಹಿ ಬೇಕು.

ರಕ್ತ ತೆಗೆದ ಕೂಡಲೇ ಇಡಿಟಿಎ ಟ್ಯೂಬನ್ನು (ರಕ್ತ ಹೆಪ್ಪುಗಟ್ಟದಂತೆ ರಾಸಾಯನಿಕ ಹಾಕಿದ ಟ್ಯೂಬ್) ಎಂಟು-ಹತ್ತು ಸಲ ಮೆಲ್ಲಗೆ ತಲೆಕೆಳಗು ಮಾಡಿ. ಜೋರಾಗಿ ಕುಲುಕಿದರೆ ರಕ್ತಕಣ ಒಡೆದು ಪ್ಲಾಸ್ಮಾ (ರಕ್ತದ ದ್ರವಭಾಗ) ಕೆಂಪಾಗುತ್ತದೆ, ಪರೀಕ್ಷೆಯ ಫಲಿತಾಂಶ ಸುಳ್ಳು ಬರುತ್ತದೆ. ಸಕ್ಕರೆ ನೋಡುವುದಿದ್ದರೆ ಫ್ಲೋರೈಡ್ ಟ್ಯೂಬ್ ಬೇರೆಯೇ ಬೇಕು. ಎರಡು ಗಂಟೆಯೊಳಗೆ ಸೆಂಟ್ರಿಫ್ಯೂಜ್ ಯಂತ್ರದಲ್ಲಿ ವೇಗವಾಗಿ ತಿರುಗಿಸಿ ಪ್ಲಾಸ್ಮಾ ಬೇರ್ಪಡಿಸಿ, ಅದನ್ನು 0.5 ಮಿ.ಲೀ.ನಂತೆ ನಾಲ್ಕು ವಯಲ್‌ಗೆ (ಪುಟ್ಟ ಶೀಶೆ) ಹಂಚಿ: ಎರಡು ನಮಗೆ, ಎರಡು ಅವರಿಗೆ. ಒಂದೇ ವಯಲ್‌ಗೆ ತುಂಬಿದರೆ ಪ್ರತಿ ಪರೀಕ್ಷೆಗೂ ಕರಗಿಸಬೇಕಾಗಿ ಸ್ಯಾಂಪಲ್ ಕೆಡುತ್ತದೆ. ಮಾಮೂಲಿ ಸ್ಟಿಕರ್ ಮೈನಸ್ 80 ಡಿಗ್ರಿ ಫ್ರೀಜರಿನಲ್ಲಿ ಉದುರಿಹೋಗುತ್ತದೆ. ಅಂಥ ಚಳಿಗೂ ಅಂಟಿರುವ ಕ್ರಯೋ ಲೇಬಲ್ ತಂದು, ವಯಲ್ ಒಣಗಿರುವಾಗಲೇ ಅಂಟಿಸಿ.

ಕಳಿಸುವಾಗ ಮೂರು ಪದರ: ಸೋರದ ವಯಲ್, ದ್ರವ ಹೀರುವ ಹಾಳೆಯಿಟ್ಟ ಸೋರದ ಚೀಲ, ಗಟ್ಟಿ ಹೊರಡಬ್ಬಿ. ಮೇಲೆ ಯುಎನ್ 3373 ಗುರುತು (ಇಂಥ ಜೈವಿಕ ಸ್ಯಾಂಪಲ್‌ಗೆ ಇರುವ ಅಂತರರಾಷ್ಟ್ರೀಯ ಸಂಖ್ಯೆ), ತಂಪಿಗೆ ಹಾಕುವ ಡ್ರೈ ಐಸ್‌ಗೆ (ಗಟ್ಟಿಯಾದ ಇಂಗಾಲದ ಡೈಆಕ್ಸೈಡ್) ಯುಎನ್ 1845 ಮತ್ತು ಅದರ ತೂಕ. ಡಬ್ಬಿಗೆ ಗಾಳಿಯಾಡದ ಹಾಗೆ ಟೇಪ್ ಸುತ್ತಬಾರದು, ಅನಿಲ ತುಂಬಿ ಸಿಡಿದೀತು. ದೊಡ್ಡ ಡಬ್ಬಿಯಲ್ಲಿ ದಿನಕ್ಕೆ ಸುಮಾರು 5 ಕಿಲೋ ಐಸ್ ಆವಿಯಾಗುತ್ತದೆ ಎಂದಿಟ್ಟುಕೊಂಡು, ಕಸ್ಟಮ್ಸ್‌ನಲ್ಲಿ ಡಬ್ಬಿ ನಿಂತರೂ ಸಾಕಾಗುವಂತೆ ಇನ್ನೆರಡು ದಿನದ್ದು ಸೇರಿಸಿ. ಸೋಮವಾರವೇ ಹೊರಡಿಸಿ, ಗುರುವಾರ ಹೊರಟ ಡಬ್ಬಿ ಶನಿವಾರ-ಭಾನುವಾರ ಎಲ್ಲೋ ಗೋದಾಮಿನಲ್ಲಿ ಕೂರುತ್ತದೆ. ಡಬ್ಬಿ ತೆರೆದ ಕೂಡಲೇ ಉಳಿದ ಐಸನ್ನು ತೂಗಿ, ಫೋಟೋ ಸಮೇತ ಅದೇ ದಿನ ತಿಳಿಸಲು ಅಲ್ಲಿಯವರಿಗೆ ಹೇಳಿಡಿ. ಐಸ್ ಪೂರ್ತಿ ಖಾಲಿಯಾಗಿದ್ದರೆ ಆ ವಯಲ್‌ಗಳನ್ನು ಬಳಸಬೇಡಿ. ಇಲ್ಲಿರುವ ಜೋಡಿ ವಯಲ್ ತೆಗೆಯಿರಿ.