ಮೂರೂವರೆ ಲಕ್ಷದ ಸರ್ವರ್ ಬೇಡವಾಯಿತು: ಪರ್-ಸಿಪಿಯು ಕೌಂಟರ್‌ನೊಂದಿಗೆ ನನ್ನ ಅನುಭವ

ಕಲಬುರಗಿಯ ಬ್ರಾಡ್‌ಬ್ಯಾಂಡ್ ಸೇವೆಯೊಂದಕ್ಕೆ ಪ್ರತಿ ಗ್ರಾಹಕನ ಪ್ಯಾಕೆಟ್, ಬೈಟ್‌ಗಳನ್ನು ಕರ್ನಲ್ (ಆಪರೇಟಿಂಗ್ ಸಿಸ್ಟಂನ ತಿರುಳು) ಒಳಗೇ ಎಣಿಸುವ ಲಿನಕ್ಸ್ ಮಾಡ್ಯೂಲನ್ನು, ಅಂದರೆ ಕರ್ನಲ್‌ಗೆ ಸೇರಿಸುವ ತುಣುಕನ್ನು, ನೋಡಿಕೊಳ್ಳುತ್ತೇನೆ. ಯಂತ್ರ ಹಳೆಯದು, ಎರಡು ಸಾಕೆಟ್ (ಎರಡು ಪ್ರೊಸೆಸರ್ ಚಿಪ್), ಒಟ್ಟು 16 ಸಿಪಿಯು. ಹೈದರಾಬಾದಿನಿಂದ ಸುಮಾರು 45 ಸಾವಿರಕ್ಕೆ ತಂದದ್ದು. ರಾತ್ರಿ ಎಂಟರ ನಂತರ ಆಳಂದ, ಸೇಡಂ ಕಡೆಯವರೆಲ್ಲ ಒಟ್ಟಿಗೆ ವಿಡಿಯೊ ನೋಡಲು ಕೂತರೆ ಅದಕ್ಕೆ ಉಸಿರುಗಟ್ಟುತ್ತಿತ್ತು. "ಮೂರೂವರೆ ಲಕ್ಷದ ಹೊಸ ಸರ್ವರ್ ತರಿಸಿ ಸರ್, ಕೌಂಟರ್ ತಿದ್ದಿದರೆ ಏನೂ ಆಗುವುದಿಲ್ಲ" ಎಂದು ಸಲಹೆಗಾರರೊಬ್ಬರು ಮಾಲೀಕರಿಗೆ ಹೇಳಿದ್ದರು. ಪ್ರತಿ ಸಿಪಿಯುಗೂ ಅದರದೇ ಕೌಂಟರ್ ಕೊಡುವ ಪರ್-ಸಿಪಿಯು ವಿಧಾನದಿಂದ ಆ ಹಣ ಉಳಿಯಿತು.

ಮೊದಲಿದ್ದ ಸ್ಪಿನ್‌ಲಾಕನ್ನು (ಸರದಿ ಬರುವವರೆಗೆ ಸಿಪಿಯುವನ್ನು ಸುತ್ತಿಸುತ್ತಾ ಕಾಯಿಸುವ ಬೀಗ) ತೆಗೆದು, ಎಲ್ಲ ಸಿಪಿಯುಗಳೂ ಬೀಗವಿಲ್ಲದೆ ಏರಿಸಬಹುದಾದ ಒಂದೇ ಅಟಾಮಿಕ್ ಕೌಂಟರ್ ಹಾಕಿದಾಗ ಅಲ್ಪಸ್ವಲ್ಪ ಗೆದ್ದೆವು, ಅಷ್ಟೆ. ಸಮಯ ಎಲ್ಲಿ ಹೋಗುತ್ತಿದೆ ಎಂದು ತೋರಿಸುವ ಪರ್ಫ್ ಹಚ್ಚಿ ನೋಡಿದರೆ ಸುಮಾರು ಮೂರನೇ ಒಂದು ಭಾಗ ಸಮಯವನ್ನು ಲಾಕ್ ಪೂರ್ವಪ್ರತ್ಯಯವಿದ್ದ (ಬೇರೆ ಸಿಪಿಯುಗಳನ್ನು ತಡೆದು ಕೂಡಿಸುವ) ಆ ಒಂದು ಆಡ್ ಸೂಚನೆಯೇ ತಿನ್ನುತ್ತಿತ್ತು. ಆ ಕೌಂಟರ್ ಇದ್ದ ಕ್ಯಾಶ್ ಸಾಲು (ಸಿಪಿಯು ತನ್ನ ಹತ್ತಿರದ ವೇಗದ ಸ್ಮರಣೆಗೆ ಒಮ್ಮೆಗೆ ತರುವ ತುಂಡು) ಎರಡು ಸಾಕೆಟ್‌ಗಳ ನಡುವೆ ಓಡಾಡುತ್ತಲೇ ಇತ್ತು. ಸಿಪಿಯು ಸಂಖ್ಯೆಯನ್ನೇ ಸೂಚ್ಯಂಕವಾಗಿಸಿಕೊಂಡು ಸರಳ ಅರೇ ಮಾಡಿದಾಗಲೂ ಅದೇ ಗೋಳು: 64 ಬೈಟ್‌ನ ಒಂದು ಸಾಲಿನಲ್ಲಿ ಎಂಟು ಸಿಪಿಯುಗಳ ಕೌಂಟರ್ ಪಕ್ಕಪಕ್ಕ ಕೂತರೆ ಹಂಚಿಕೊಂಡಂತೆಯೇ. ಪ್ರತಿಯೊಂದಕ್ಕೂ 64 ಬೈಟ್ ಜಾಗ ಕೊಟ್ಟಾಗ ವೇಗ ಬಂತು, ಆದರೆ ಸ್ಮರಣೆಯ ಬಹುಪಾಲು ಖಾಲಿ ಜಾಗಕ್ಕೇ ಹೋಯಿತು.

ಕೊನೆಗೆ ಕೈಹಿಡಿದದ್ದು ದಿಸ್-ಸಿಪಿಯು-ಆಡ್, ಅಂದರೆ ಓಡುತ್ತಿರುವ ಸಿಪಿಯುವಿನದೇ ಕೌಂಟರಿಗೆ ಕೂಡಿಸುವ ಕರ್ನಲ್ ಸೌಲಭ್ಯ. ಡಿಸ್‌ಅಸೆಂಬಲ್ ಮಾಡಿ (ಯಂತ್ರದ ಸೂಚನೆಗಳನ್ನು ಬಿಡಿಸಿ) ನೋಡಿದಾಗ ನನಗೆ ನಿಜಕ್ಕೂ ಖುಷಿಯಾಯಿತು: ಪ್ರತಿ ಸಿಪಿಯುವಿನ ಜಾಗ ತೋರಿಸುವ ಜಿಎಸ್ ಸೆಗ್ಮೆಂಟ್ ಮೂಲಕ ಒಂದೇ ಒಂದು ಆಡ್, ಲಾಕ್ ಇಲ್ಲ, ಪ್ರಿಎಂಪ್ಶನ್ (ಕೆಲಸವನ್ನು ನಡುವೆ ತಡೆದು ಸಿಪಿಯುವನ್ನು ಬೇರೆಯದಕ್ಕೆ ಕೊಡುವುದು) ನಿಲ್ಲಿಸುವ ಗೊಡವೆಯಿಲ್ಲ. ಆ ಸೂಚನೆಗೆ ಮುಂಚೆ ಕೆಲಸ ಬೇರೆ ಸಿಪಿಯುಗೆ ಹೋದರೆ ಅಲ್ಲಿನ ಕೌಂಟರ್ ಏರುತ್ತದೆ; ಮೊತ್ತಕ್ಕೆ ಏನೂ ಬಾಧೆಯಿಲ್ಲ. ಕೌಂಟರಿನ ಪಾಯಿಂಟರ್ (ವಿಳಾಸ) ಮೊದಲು ತೆಗೆದುಕೊಂಡು ಆಮೇಲೆ ಕೂಡಿಸುವವರಿಗೆ ಈ ಭದ್ರತೆ ಇರುವುದಿಲ್ಲ.

ಹಾದಿ ಅಷ್ಟು ಸಲೀಸಾಗಿರಲಿಲ್ಲ. ಗ್ರಾಹಕರು ಸುಮಾರು ಆರು ಸಾವಿರ, ತಲಾ 16 ಬೈಟ್. ಇದನ್ನು ಸ್ಥಿರ (ಗಾತ್ರ ಮೊದಲೇ ನಿಗದಿಯಾದ) ಪರ್-ಸಿಪಿಯು ಅರೇ ಎಂದು ಘೋಷಿಸಿದಾಗ ಮಾಡ್ಯೂಲ್ ಲೋಡ್ ಆಗಲೇ ಇಲ್ಲ. ಇಂಥ ಅರೇಗಳಿಗೆಂದು ಮಾಡ್ಯೂಲ್‌ಗಳಿಗೆಲ್ಲ ಸೇರಿ ಕರ್ನಲ್ ಕಾದಿಟ್ಟಿದ್ದು 8 ಕೆಬಿ ಮಾತ್ರ. ಓಡುವಾಗ ಜಾಗ ಕೊಡುವ ಅಲಾಕ್-ಪರ್-ಸಿಪಿಯುವಿನಿಂದ ಒಂದೇ ತುಂಡಾಗಿ ಕೇಳಿದರೆ 32 ಕೆಬಿ ಮೀರಿತೆಂದು ಅದೂ ನಿರಾಕರಿಸಿತು. ಗ್ರಾಹಕನಿಗೊಂದರಂತೆ 16 ಬೈಟ್ ಬೇರೆ ಬೇರೆ ಕೇಳಿದ ಮೇಲೆ ಎಲ್ಲವೂ ಹೊಂದಿಕೊಂಡಿತು. ಆದರೂ ಸ್ಮರಣೆ ಲೆಕ್ಕಕ್ಕಿಂತ ಹೆಚ್ಚೇ ಹೋಗುತ್ತಿತ್ತು. ಮುಂದೆ ಎಂದಾದರೂ ಸೇರಬಹುದಾದ ಸಿಪಿಯುಗಳನ್ನೂ ಬಯೋಸ್ (ಯಂತ್ರವನ್ನು ಆರಂಭಿಸುವ ತಂತ್ರಾಂಶ) ಎಣಿಸಿ 64 ಎಂದು ಹೇಳುತ್ತಿತ್ತು, ಕರ್ನಲ್ ಅಷ್ಟಕ್ಕೂ ಜಾಗ ತೆಗೆದಿಡುತ್ತಿತ್ತು. ಕರ್ನಲ್ ಆರಂಭವಾಗುವಾಗ ಓದುವ ಬೂಟ್ ಸಾಲಿನಲ್ಲಿ ಪಾಸಿಬಲ್-ಸಿಪಿಯೂಸ್ 16 ಎಂದು ಬರೆದೆ, ಮುಗಿಯಿತು.

ಕುತೂಹಲಕ್ಕೆ ಅದೇ ಮಾಡ್ಯೂಲನ್ನು ಮನೆಯ ರಾಸ್ಪ್‌ಬೆರಿ ಪೈ 4 ಎಂಬ ಪುಟ್ಟ ಕಂಪ್ಯೂಟರಿನಲ್ಲಿಯೂ ಓಡಿಸಿದೆ. ಅದರ ಪ್ರೊಸೆಸರ್ ಆರ್ಮ್ ಬಗೆಯದು; ಆರ್ಮ್‌ನಲ್ಲಿ ಜಿಎಸ್ ಇಲ್ಲ, ಸಿಪಿಯುವಿನ ಆಫ್‌ಸೆಟ್ ಒಂದು ಸಿಸ್ಟಂ ರಿಜಿಸ್ಟರಿನಲ್ಲಿರುತ್ತದೆ. ಒಂದೇ ಸೂಚನೆಯ ಭಾಗ್ಯವೂ ಇಲ್ಲ. ಪ್ರಿಎಂಪ್ಶನ್ ನಿಲ್ಲಿಸಿ, ಓದಿ-ಬರೆಯುವ ಪುಟ್ಟ ಲೂಪ್ ಸುತ್ತುತ್ತದೆ. ಲಾಭ ಸರ್ವರಿನ ಇಂಟೆಲ್‌ನಷ್ಟು ಸಿಗಲಿಲ್ಲ. ಆದರೂ ಕ್ಯಾಶ್ ಸಾಲಿನ ಜಗಳ ತಪ್ಪಿದ್ದರಿಂದ ಅಟಾಮಿಕ್‌ಗಿಂತ ಮುಂದೆಯೇ ಇತ್ತು.

ಬಿಲ್ಲಿಂಗ್‌ಗೆ ಓದುವಾಗ ಎಲ್ಲ ಸಿಪಿಯುಗಳ ಮೊತ್ತ ಕೂಡಿಸಿ, ಹಿಂದಿನ ಮೊತ್ತವನ್ನು ಕಳೆಯುತ್ತೇನೆ. ಇನ್ನೊಂದು ಸಿಪಿಯುವಿನ ಕೌಂಟರನ್ನು ಓದುವವನು ಸೊನ್ನೆ ಮಾಡಲು ಹೋಗಲೇಬಾರದು, ನಡುವೆ ಬಂದ ಬೈಟ್‌ಗಳು ಕಳೆದುಹೋಗುತ್ತವೆ. ಈಗ ರಾತ್ರಿ ಒಂಬತ್ತರ ಹೊತ್ತಿಗೂ ಪರ್ಫ್‌ನಲ್ಲಿ ಈ ಕೌಂಟರ್ ನೂರಕ್ಕೆ ಒಂದೆರಡಕ್ಕಿಂತ ಮೇಲೇರುವುದಿಲ್ಲ. ಗ್ರಾಹಕನ ಸಂಪರ್ಕ ಕಡಿದಾಗ ಒಂದು ಬೈಟೂ ತಪ್ಪದಂತೆ ಕೌಂಟರನ್ನು ಹೇಗೆ ಬಿಡುಗಡೆ ಮಾಡುತ್ತೇನೆ ಎಂಬುದನ್ನು ಮಾತ್ರ ಇಲ್ಲಿ ಬರೆಯುವುದಿಲ್ಲ. ಬೀದರಿನ ಇನ್ನೊಬ್ಬರಿಗೆ ಇದೇ ಕೆಲಸ ಮಾಡಿಕೊಡಲು ಒಪ್ಪಿಕೊಂಡಿದ್ದೇನೆ.