ಸುಳ್ಳು ಅನುಭವ ಪತ್ರ ಕೇಳಿದಾಗ ನಿರ್ಧರಿಸುವುದು ಹೇಗೆ?

ಸಣ್ಣ ಸಂಸ್ಥೆ ನಡೆಸುವವರ ಬಳಿ ಬಂಧುವೊಬ್ಬರು ಬಂದು, ತಮ್ಮ ಮಗ ಎರಡು ವರ್ಷ ಇಲ್ಲಿ ದುಡಿದನೆಂದು ಅನುಭವ ಪತ್ರ ಬರೆದುಕೊಡಿ ಎಂದು ಕೇಳುವುದು ಅಪರೂಪವೇನಲ್ಲ. ಮೊದಲು ಜರ್ಮನ್ ತತ್ತ್ವಜ್ಞಾನಿ ಇಮ್ಯಾನುಯೆಲ್ ಕಾಂಟ್ 1785ರಲ್ಲಿ ಮುಂದಿಟ್ಟ ಪರೀಕ್ಷೆಯನ್ನು ಅನ್ವಯಿಸಿ: ಕೇಳಿದವರಿಗೆಲ್ಲ ಎಲ್ಲರೂ ಇಂಥ ಪತ್ರ ಕೊಡತೊಡಗಿದರೆ ಅದನ್ನು ಯಾರೂ ನಂಬುವುದಿಲ್ಲ, ಆಗ ಸುಳ್ಳು ಪತ್ರಕ್ಕೂ ಬೆಲೆಯಿರುವುದಿಲ್ಲ, ಅಂದರೆ ಉಳಿದವರು ಪ್ರಾಮಾಣಿಕರಾಗಿದ್ದರೆ ಮಾತ್ರ ನಿಮ್ಮ ಸುಳ್ಳು ನಡೆಯುತ್ತದೆ.

ಆನಂತರ ಇಂಗ್ಲಿಷ್ ಚಿಂತಕರಾದ ಬೆಂಥಮ್ ಮತ್ತು ಮಿಲ್ ಅವರ ಉಪಯುಕ್ತತಾವಾದದಂತೆ, ಅಂದರೆ ಒಟ್ಟಾರೆ ಹೆಚ್ಚು ಸುಖ ತರುವ ಕೆಲಸವೇ ಸರಿ ಎನ್ನುವ ವಾದದಂತೆ, ಪರಿಣಾಮಗಳನ್ನು ತೂಗಿ ನೋಡಿ. ಹೆಚ್ಚಿನವರು ಎಡವುವುದು ಇಲ್ಲಿಯೇ: ಎದುರಿಗೆ ಕುಳಿತ ಹುಡುಗನ ಕಷ್ಟ ಕಣ್ಣಿಗೆ ಕಾಣುತ್ತದೆ, ಆದರೆ ನಿಜವಾಗಿ ಎರಡು ವರ್ಷ ದುಡಿದೂ ಆ ಕೆಲಸವನ್ನು ಕಳೆದುಕೊಳ್ಳುವ ಅಪರಿಚಿತ ಅಭ್ಯರ್ಥಿ ಲೆಕ್ಕಕ್ಕೇ ಬರುವುದಿಲ್ಲ. ಬೆಂಥಮ್‌ನ ಎಣಿಕೆಯಲ್ಲಿ ಇಬ್ಬರೂ ಸಮಾನರು.

ಪ್ರಾಚೀನ ಗ್ರೀಕ್ ತತ್ತ್ವಜ್ಞಾನಿ ಅರಿಸ್ಟಾಟಲ್ ಕೇಳುವುದೇ ಬೇರೆ: ಗುಣಗಳು ಅಭ್ಯಾಸದಿಂದ ಮೈಗೂಡುವುದರಿಂದ, ಈ ಸಹಿ ನಿಮ್ಮನ್ನು ಎಂಥವರನ್ನಾಗಿಸುತ್ತದೆ? ದಾಕ್ಷಿಣ್ಯಕ್ಕೆ ಮಣಿಯುವುದನ್ನೇ ಔದಾರ್ಯವೆಂದು ಭಾವಿಸುವ ರೂಢಿ ನಮ್ಮಲ್ಲಿ ತುಸು ಹೆಚ್ಚೇ ಇದೆ. ಮೂರೂ ಸಿದ್ಧಾಂತಗಳು ಇಲ್ಲಿ ಒಂದೇ ಕಡೆ ವಾಲಿದರೂ ಯಾವುದೂ ನೆರವನ್ನು ನಿರಾಕರಿಸಲು ಹೇಳುವುದಿಲ್ಲ. ಸಾಧ್ಯವಿದ್ದರೆ ಹುಡುಗನಿಗೆ ಕೆಲವು ತಿಂಗಳ ತರಬೇತಿಗೆ ಅವಕಾಶ ಕೊಟ್ಟು, ಅಷ್ಟಕ್ಕೇ ದಿನಾಂಕ ಸಹಿತ ನಿಜವಾದ ಪತ್ರವನ್ನು ಬರೆದುಕೊಡಿ.